ಅಮಾತೆಪ್ಪ ಬಿಟ್ಟುಕೊಟ್ಟ ಜಾಗ

ಕೆರೂರಿನ ಮಠದ ಪಡಸಾಲೆಯಲ್ಲಿ ರವಿವಾರ ಮಧ್ಯಾಹ್ನ ಊಟವಾದ ಮೇಲೆ ಭಜನೆಗೆ ಸೇರುವವರಿಗೆ ಯಾರೂ ಬರೆದಿಡದ ಕಟ್ಟಳೆಯೊಂದಿತ್ತು. ಹೊಸಬರು ಕಂಬದ ಹತ್ತಿರ ಕುಳಿತು ತಾಳ ಹಾಕಬೇಕು, ಪಲ್ಲವಿಗೆ ಮಾತ್ರ ದನಿಗೂಡಿಸಬೇಕು. ತಬಲಾ ನುಡಿಸುವ ಆಸೆಯಾದರೆ ನುಡಿಸುವವನ ಮೊಣಕಾಲು ಮುಟ್ಟಿ ಕೇಳಬೇಕು. ಅವನು ಸರಿದು ಜಾಗ ಕೊಟ್ಟರೆ ಸರಿ, ಇಲ್ಲದಿದ್ದರೆ ತೆಪ್ಪಗೆ ತಾಳವೇ ಗತಿ.

ಮೂವತ್ತು ವರ್ಷ ಆ ಮೊಣಕಾಲು ಅಮಾತೆಪ್ಪನದಾಗಿತ್ತು. ವಾರವೆಲ್ಲ ಹೊಲಿಗೆ ಯಂತ್ರ ತುಳಿಯುವ ಸಾಧು ಮನುಷ್ಯ, ತಬಲಾದ ಮುಂದೆ ಕುಳಿತರೆ ಸಣ್ಣ ಪಾಳೆಗಾರ. ಎಷ್ಟೋ ಜನ ಮುಟ್ಟಿ ಕೇಳಿದ್ದರು. ಅವನು ಸರಿದದ್ದು ಎರಡೋ ಮೂರೋ ಸಲ, ಅದೂ ಎಲೆ ಅಡಿಕೆ ಹಾಕಿಕೊಳ್ಳಲು.

ಹೋದ ವರ್ಷ ಲಕ್ವಾ ಹೊಡೆದು ಅವನ ಬಲಗೈ ಸ್ವಾಧೀನ ತಪ್ಪಿತು. ಆದರೂ ಬಂದು ತನ್ನ ಜಾಗದಲ್ಲೇ ಕುಳಿತುಕೊಳ್ಳುತ್ತಿದ್ದ. ಮುಂದಾಳಾಗಿ ಹಾಡುವ ಶಂಕರಲಿಂಗ ಹಾರ್ಮೋನಿಯಂ ಹಿಡಿದು ದನಿ ತೆಗೆದರೆ ಸಾಕು, ಅಮಾತೆಪ್ಪನ ಕಣ್ಣುಗಳು ಮುಚ್ಚಿಕೊಳ್ಳುತ್ತಿದ್ದವು. ಅಂಗಳದ ಬೇವಿನ ನೆರಳು ನೆಲದ ಮೇಲೆ ತೂಗುತ್ತಿರುವಾಗ, ಅರೆನಿದ್ದೆಯಲ್ಲಿ, ಸೋತ ಬೆರಳುಗಳು ಒಂದೊಂದಾಗಿ ಎದ್ದು ಕುಣಿಯುತ್ತಿದ್ದವು. ಹಾಡು ಮುಗಿದು ಕಣ್ಣು ಬಿಟ್ಟರೆ ಕೈ ತೊಡೆಯ ಮೇಲೆ ಬಿದ್ದಲ್ಲೇ ಇರುತ್ತಿತ್ತು. ಆಗ ಅಳು ಬರುವಷ್ಟು ಸಂಕಟವಾಗುತ್ತಿತ್ತು.

ಮೋಟಾರು ರಿಪೇರಿಯ ಮುನಾಫನಿಗೆ ತಬಲಾ ಚೆನ್ನಾಗಿ ಬರುತ್ತಿತ್ತು. ಆದರೆ ಕೈ ಸೋತವನ ಮೊಣಕಾಲು ಮುಟ್ಟಿ ಜಾಗ ಕೇಳುವುದು ಹೇಗೆ? ಸುಮ್ಮನೆ ತಾಳ ಹಾಕುತ್ತ ಕುಳಿತ. ಕೇಳದೆಯೇ ಕೊಟ್ಟರೆ ತನ್ನ ಕಾಲ ಮುಗಿಯಿತೆಂದು ತಾನೇ ಡಂಗುರ ಸಾರಿದಂತೆ ಎಂದು ಅಮಾತೆಪ್ಪ ಬಿಗಿದುಕೊಂಡಿದ್ದ. ಇಬ್ಬರ ಮರ್ಯಾದೆಯ ನಡುವೆ ಎಂಟು ತಿಂಗಳು ಭಜನೆ ತಬಲಾ ಇಲ್ಲದೆ ಕುಂಟಿತು.

ಒಂದು ರವಿವಾರ ಹಾಡಿನ ನಡುವೆ ಶಂಕರಲಿಂಗನ ಲಯ ತಪ್ಪಿತು. ಅಮಾತೆಪ್ಪ ಕಣ್ಣು ಬಿಟ್ಟ. ಕಂಬದ ಹತ್ತಿರ ಕುಳಿತ ಮುನಾಫನ ಬೆರಳುಗಳು ಅವನದೇ ತೊಡೆಯ ಮೇಲೆ ಸದ್ದಿಲ್ಲದೆ ತಬಲಾದ ಠೇಕಾ ಹಿಡಿದಿದ್ದವು. ಅರೆನಿದ್ದೆಯಲ್ಲಿ ತಾನು ನುಡಿಸುತ್ತಿದ್ದದ್ದೂ ಅದನ್ನೇ.

"ಬಾರಪಾ ಮುನಾಫ, ಇಲ್ಲಿ ಕುಂಡ್ರು," ಎಂದು ಪಕ್ಕಕ್ಕೆ ಸರಿದ.

"ಬ್ಯಾಡ್ರಿ ಕಾಕಾ, ಅದು ನಿಮ್ಮ ಜಾಗಾ."

"ಜಾಗಾ ತಬಲಾದ್ದು, ನಂದಲ್ಲ. ಬಾ."

ಮುನಾಫನ ಮೊದಲ ಪೆಟ್ಟಿಗೇ ಪಡಸಾಲೆಗೆ ಜೀವ ಬಂತು. ಅಮಾತೆಪ್ಪನಿಗೆ ಹೊಟ್ಟೆಕಿಚ್ಚೂ ಆಯಿತು, ಸುಖವೂ ಆಯಿತು. ಎರಡನೇ ಹಾಡು ಶುರುವಾದಾಗ ಎಡಗೈ ತಡೆಯಲಾರದೆ ಹೋಯಿತು. ಜನ್ಮದಲ್ಲಿ ಯಾರನ್ನೂ ಕೇಳದವನು ಬಾಗಿ ಮುನಾಫನ ಮೊಣಕಾಲು ಮುಟ್ಟಿದ.

"ಡಗ್ಗಾ ಒಂದೀಟ ಕೊಡ್ತಿ ಏನಪಾ?"

ಮುನಾಫ ಬಲಗೈಯ ತಬಲಾ ಮಾತ್ರ ತಾನಿಟ್ಟುಕೊಂಡು, ಎಡಗೈಯಿಂದ ನುಡಿಸುವ ಡಗ್ಗಾವನ್ನು ಅವನ ಮುಂದೆ ಸರಿಸಿದ. ಮೊದಲ ನುಡಿಯಲ್ಲೇ ಅಮಾತೆಪ್ಪ ಎರಡು ಸಲ ತಪ್ಪಿದ. ಮುನಾಫ ಆ ಮುದಿಕೈಗೆ ತಕ್ಕಂತೆ ಲಯ ಇಳಿಸಿದ. ಹಾಡುವವರೆಲ್ಲ ಆ ನಿಧಾನಕ್ಕೇ ಬಂದು ಕೂಡಿಕೊಂಡರು.