ಮೊದಲ ಪರದೆ, ಆಮ್ಯಾಲ ಲೈಟು

ಜರ್ಮನಿಯ ಫೊಯರ್‌ಬಾಕ್‌ನಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಧಾರವಾಡದ ಅಕ್ಕ, ಇಲ್ಲಿಗೆ ಬರುವ ಮೊದಲು ರಾಜಸ್ಥಾನದ ಮರುಭೂಮಿಯಲ್ಲಿ, ಗಡಿಗೆ ಅಂಟಿದ ಸಣ್ಣ ಊರೊಂದರಲ್ಲಿ ಸಂಸಾರ ಮಾಡಿದವರು. ಅವರು ಕೂತು ಚಹಾ ಕುಡಿದದ್ದನ್ನು ನಾನು ಕಂಡಿಲ್ಲ. ಚೇಳಿರಬಹುದೆಂದು ಇಲ್ಲಿಯೂ ಬೂಟು ಕೊಡವಿಯೇ ಮೆಟ್ಟುತ್ತಿದ್ದರು. ಸಂಜೆ ನಮ್ಮ ಮನೆಗೆ ಬಂದರೆ ನೇರ ಕಿಟಕಿಗೆ ಹೋಗುತ್ತಿದ್ದರು: “ಮೊದಲ ಪರದೆ, ಆಮ್ಯಾಲ ಲೈಟು.” ಯುದ್ಧದ ದಿನಗಳಲ್ಲಿ ಆ ಊರಲ್ಲಿ ವಿಮಾನದಾಳಿಯ ಸೈರನ್ ಕೂಗಿದರೆ ಬೆಳಕಿನ ಒಂದು ಗೆರೆಯೂ ಹೊರಗೆ ಕಾಣಬಾರದಿತ್ತಂತೆ. ಊರು ಬಿಡೋಣವೆಂದರೆ ಇದ್ದೊಂದು ರಸ್ತೆಯ ಮೇಲೂ ಮರಳು.

ಡಿಸೆಂಬರ್ ಕೊನೆಯ ಸಂಜೆ ಬೀದಿಯಲ್ಲಿ ಪಟಾಕಿ ಶುರುವಾಯಿತು. ಅಕ್ಕ ಬರಿಗಾಲಲ್ಲಿ ಒಳನುಗ್ಗಿ ನಮ್ಮ ದೀಪ ಆರಿಸಿದರು.

“ಅಕ್ಕಾ, ನ್ಯೂ ಇಯರ್ ಪಟಾಕಿ ಅಷ್ಟೇ,” ಅಂದೆ.

“ಗೊತ್ತದವಾ, ಗೊತ್ತದ,” ಎಂದು ಕತ್ತಲಲ್ಲಿ ನಕ್ಕರು. ಸ್ವಿಚ್ಚಿನ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.