ಸಿಗರೇಟು ಡಬ್ಬಿಯೊಳಗಿನ ಮಾತು

ಚಿಕ್ಕಂದಿನಿಂದ ನನಗೊಂದು ಕೆಟ್ಟ ಚಟ. ಯಾರು ಮಾತಾಡಿದರೂ ಕಿವಿ ಆ ಕಡೆಗೆ ಹೋಗಿಬಿಡುತ್ತದೆ. ಶನಿವಾರಸಂತೆ ಕಡೆಯ ನಮ್ಮ ಮನೆಯಲ್ಲಿ ಅವ್ವ ಇದಕ್ಕಾಗಿ ಎಷ್ಟೋ ಸಲ ತಲೆಗೆ ಮೊಟಕಿದ್ದಳು. ಕೆಲಸ ಹುಡುಕಿಕೊಂಡು ಮಡಿಕೇರಿ ಕಡೆ ಬಂದ ಮೇಲೆ ಅದೇ ಚಟ ನನಗೆ ಮೇಷ್ಟರಾಯಿತು. ಬಸ್ಸಿನಲ್ಲಿ ಕೂತು ಕೂತು ಕೊಡವ ಮಾತು ತಿಳಿಯಿತು, ಸಂತೆಯಲ್ಲಿ ಮಲಯಾಳ, ಬಾಡಿಗೆ ಮನೆಯ ಅಜ್ಜಿಯಿಂದ ಅರೆಭಾಷೆ. ಯಾರೂ ಕೂರಿಸಿಕೊಂಡು ಕಲಿಸಲಿಲ್ಲ.

ತಂತಿಯ ಭಾಷೆ ಮಾತ್ರ ಒಲಿಯಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಬೆಟ್ಟದ ಮೇಲಿನ ಒಂದು ಅಂಚೆ ಕಚೇರಿಯಲ್ಲಿ ತಂತಿ ಕೆಲಸ ಕಲಿಯಲು ಸೇರಿದ್ದೆ. ಮೇಜಿನ ಮೇಲೆ ಹಿತ್ತಾಳೆಯ ಯಂತ್ರ. ದೂರದೂರಿನವರು ಅಲ್ಲಿ ಕೀಲಿ ಒತ್ತಿದರೂ, ನಾವು ಇಲ್ಲಿನ ಕೀಲಿ ಒತ್ತಿದರೂ ಇದು ಕಟಕಟ ಎನ್ನುತ್ತಿತ್ತು. ಸದ್ದು ಜೋರಾಗಲೆಂದು ಅದರ ಹಿಂದೆ ಖಾಲಿ ಸಿಗರೇಟು ಡಬ್ಬಿ ಸಿಕ್ಕಿಸಿದ್ದರು. ಎರಡು ಸದ್ದಿನ ನಡುವೆ ಬಿಡುವು ಕಡಿಮೆಯಿದ್ದರೆ ಚುಕ್ಕೆ, ಹೆಚ್ಚಿದ್ದರೆ ಗೆರೆ. ಚುಕ್ಕೆ ಗೆರೆ ಕೂಡಿದರೆ ಒಂದು ಇಂಗ್ಲಿಷ್ ಅಕ್ಷರ.

ನಾನು ಕಾಗದದ ಎಡಗಡೆ ಚುಕ್ಕೆ ಗೆರೆ ಬರೆದುಕೊಂಡು, ಬಲಗಡೆ ಅವನ್ನು ಅಕ್ಷರ ಮಾಡುತ್ತಿದ್ದೆ. ಒಂದು ಅಕ್ಷರ ಮಾಡುವಷ್ಟರಲ್ಲಿ ಇನ್ನು ಮೂರು ಕೈತಪ್ಪಿ ಹೋಗಿರುತ್ತಿದ್ದವು. ಕಲಿಸುತ್ತಿದ್ದ ಹಿರಿಯ ತಂತಿ ಗುಮಾಸ್ತರು ಕಾಗದ ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದರು.

"ನೀನು ಎಣಿಸ್ತೀಯ ಮಾರಾಯ್ತಿ. ಕೇಳುದಿಲ್ಲ!"

ಕೇಳದೆ ಎಣಿಸುವುದು ಹೇಗೆ? ನನಗೆ ಅರ್ಥವೇ ಆಗಲಿಲ್ಲ. ಇಲಾಖೆಯ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದೆ. ಮೂರನೆಯದೂ ಹೋದರೆ ಟ್ರಂಕು ಕಟ್ಟಿಕೊಂಡು ಊರಿಗೆ. ಕರೆದುಕೊಂಡು ಹೋಗಲು ಬಾ ಎಂದು ಅಪ್ಪನಿಗೆ ಕಾಗದವನ್ನೂ ಬರೆದಿಟ್ಟಿದ್ದೆ.

ಅದನ್ನು ಹರಿದು ಹಾಕಿಸಿದ್ದು ಧೈರ್ಯವಲ್ಲ, ಹೊಟ್ಟೆಯುರಿ. ಕೆಲಸವಿಲ್ಲದ ಹೊತ್ತಿನಲ್ಲಿ ನಮ್ಮ ಹಿರಿಯರೂ ಕುಶಾಲನಗರದ ಗುಮಾಸ್ತರೂ ತಂತಿಯಲ್ಲೇ ಹರಟುತ್ತಿದ್ದರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ! ಡಬ್ಬಿ ಕಟಕಟ ಅನ್ನುವುದು, ಇವರು ಮೀಸೆಯೊಳಗೇ ನಗುವುದು. ಪಕ್ಕದಲ್ಲೇ ಕೂತ ನನಗೆ ಒಂದಕ್ಷರವೂ ತಿಳಿಯದು.

"ಏನಂದ್ರು ಸಾರ್?"

"ಪಾಸಾಗು, ಗೊತ್ತಾಗ್ತದೆ."

ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ? ಅಷ್ಟು ನಗುವಂಥದ್ದು ಏನಿರುತ್ತದೆ ಎಂದು ತಿಳಿಯದೆ ಊರಿಗೆ ಹೋಗಲು ಮನಸ್ಸಾಗಲಿಲ್ಲ.

ಮೂರನೆಯ ಪರೀಕ್ಷೆಗೆ ಆರು ದಿನವಿತ್ತು. ಮಧ್ಯಾಹ್ನ ಲಕೋಟೆಗಳಿಗೆ ಗೋಂದು ಹಚ್ಚುತ್ತಿದ್ದೆ. ಎರಡೂ ಕೈ ಅಂಟು, ಪೆನ್ಸಿಲ್ ಹಿಡಿಯುವ ಹಾಗಿರಲಿಲ್ಲ. ಡಬ್ಬಿ ಮಾತಾಡತೊಡಗಿತು. ಎಣಿಸಲಿಲ್ಲ, ಎಣಿಸಲು ಆಗುತ್ತಲೂ ಇರಲಿಲ್ಲ. ಇದ್ದಕ್ಕಿದ್ದಂತೆ 'ಹುಡುಗಿ' ಎಂದು ಕೇಳಿಸಿತು. ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರೋ ಅಂದ ಹಾಗೆ, ಇಡೀ ಮಾತು ಒಮ್ಮೆಗೇ. ಬ್ರಶ್ಶು ಹಿಡಿದ ಕೈ ಅಲ್ಲೇ ನಿಂತಿತು.

"ನಿಮ್ಮ ಹುಡುಗಿ ಈ ಸಲ ಪಾಸಾ?" ಕುಶಾಲನಗರ ಕೇಳುತ್ತಿತ್ತು.

ನಮ್ಮ ಹಿರಿಯರು ನನ್ನ ಕಡೆ ನೋಡಿದರು. ಗೋಡೆಯಾಚೆ ಇರುವವಳ ಬಗ್ಗೆ ಹೇಳುವಂತೆ ನಿಶ್ಚಿಂತೆಯಾಗಿ ಕೀಲಿ ಒತ್ತಿದರು.

"ಇಲ್ಲ. ಪಾಪದ ಹುಡುಗಿ. ಊರಿಗೆ ಹೋಗ್ತಾಳೆ."

ಒಂದೊಂದು ಮಾತೂ ತಿಳಿಯಿತು. ಖುಷಿಗೆ ಕುಣಿಯಬೇಕೆನಿಸಿತು, ಜೊತೆಗೇ ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಡುಮ್ಕಿ ಅಂದಿದ್ದರೆ ಸಹಿಸುತ್ತಿದ್ದೆ, ಆ 'ಪಾಪದ' ಎಂಬ ಮಾತು ಮಾತ್ರ ಚುಚ್ಚಿತು. ಎದ್ದು ಹೋಗಿ ಅವರ ಕೈಯ ಕೆಳಗಿಂದಲೇ ಕೀಲಿಗೆ ಬೆರಳಿಟ್ಟೆ. ನಿಧಾನವಾಗಿ ಒತ್ತಿದೆ.

"ಹೋಗಲ್ಲ."

ಕುಶಾಲನಗರ ಕೇಳಿತು: "ಯಾರದು?"

ಹಿರಿಯರ ಕಿವಿ ಕೆಂಪಾಗಿತ್ತು. ಕುರ್ಚಿ ಹಿಂದೆ ಸರಿಸಿ, "ಕೂತ್ಕೊ. ನೀನೇ ಹೇಳು" ಅಂದರು.

"ಪಾಪದ ಹುಡುಗಿ" ಎಂದು ಒತ್ತಿದೆ. ಕೀಲಿಯೆಲ್ಲ ಗೋಂದಾಯಿತು.

ಪರೀಕ್ಷೆಯಲ್ಲಿ ಪಾಸಾದೆ. ಆದರೆ ಆ ಮಧ್ಯಾಹ್ನದಿಂದ ಅವರಿಬ್ಬರೂ ನಾನಿರುವಾಗ ತಂತಿಯಲ್ಲಿ ಹರಟುವುದನ್ನೇ ಬಿಟ್ಟರು. ಅಷ್ಟು ದಿನ ಏನೆಂದು ನಗುತ್ತಿದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ.