ಪೆಂಗ್ವಿನ್ ಮಾವ ಬರೆಯದ ಒಂದು ಸಾಲು

ನಮ್ಮ ಮಾವನಿಗೆ ಮನೇಲೆಲ್ಲ ಪೆಂಗ್ವಿನ್ ಅಂತಾನೇ ಹೆಸರು. ವಿಂಡೋಸ್ ಬದಲು ಮಾವ ಕಂಪ್ಯೂಟರಿಗೆ ಹಾಕೋ ಲಿನಕ್ಸ್‌ನ ಗುರುತು ಪೆಂಗ್ವಿನ್, ಮಾವನ ನಡಿಗೆನೂ ಥೇಟ್ ಅದೇ, ಎರಡೂ ಸೇರಿಸಿ ಅಮ್ಮ ಇಟ್ಟಿದ್ದು. ಅಮ್ಮನ ತಮ್ಮ ಅಲ್ವಾ, ಬಿಡ್ತಾಳಾ? ನಂಗಂತೂ ಚಿಕ್ಕೋಳಿದ್ದಾಗಿಂದ ಅವರಂದ್ರೆ ಪ್ರಾಣ. ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ನಾಲ್ಕು ಜನ ಸೇರಿ ಮಾಡೋ ಕೆಲಸಾನ ಇವರು ಒಬ್ಬರೇ ಕೂತು, ಬಾಯಲ್ಲಿ ಪೆನ್ಸಿಲ್ ಕಚ್ಕೊಂಡು, ಮಾಡಿ ಮುಗಿಸಿಬಿಡ್ತಾರೆ!

ಕಣ್ಣು ಕಾಣದೇ ಇರೋರಿಗೆ ಪುಸ್ತಕ ಓದಿ ರೆಕಾರ್ಡ್ ಮಾಡಿಕೊಡೋ ಒಂದು ಲೈಬ್ರರಿಲಿ ಮಾವ ಟೆಕ್ನಿಷಿಯನ್. ಮೂರನೇ ಮಹಡಿ, ಗೋಡೆಗೆಲ್ಲ ಸ್ಪಂಜು ಅಂಟಿಸಿರೋ ಪುಟ್ಟ ರೂಮು. ಸದ್ದು ಬರುತ್ತೆ ಅಂತ ಫ್ಯಾನ್ ಹಾಕೋ ಹಾಗಿಲ್ಲ, ಓದೋರೂ ಬೆವರಬೇಕು, ಇವರೂ ಬೆವರಬೇಕು. ಕೇಳೋರಿಗೆ ಸುಲಭ ಆಗ್ಲಿ ಅಂತ ಮಾವ ತಾವೇ ಒಂದು ಮೀಡಿಯಾ ಪ್ಲೇಯರ್ ಮಾಡಿದ್ರು. ಸ್ಪೇಸ್ ಒತ್ತಿದ್ರೆ ಓದುತ್ತೆ, ಮತ್ತೆ ಒತ್ತಿದ್ರೆ ನಿಲ್ಲುತ್ತೆ, ಎಲ್ಲಿ ನಿಲ್ಸಿದ್ವಿ ಅಂತ ವರ್ಷಗಟ್ಟಲೆ ನೆನಪಿಟ್ಕೊಳ್ಳುತ್ತೆ. 'ಇದು ಸರಿಯಿಲ್ಲ, ಅದು ಸಿಗಲಿಲ್ಲ' ಅನ್ನೋ ಮೆಸೇಜು ಒಂದೂ ಬರಲ್ಲ. "ಕಾಣದೇ ಇರೋರು ಸುಮ್ನೆ ಗಾಬರಿ ಆಗ್ತಾರೆ ಪುಟ್ಟಿ" ಅಂತ ಮಾವ ಅದರ ಬಾಯಿ ಮುಚ್ಚಿಸಿದ್ರು.

ಆ ಪ್ಲೇಯರ್‌ನ ಬೇರೆ ಕಂಪ್ಯೂಟರ್‌ಗೆ ಹಾಕ್ಬೇಕು ಅಂದ್ರೆ ಪ್ಯಾಕೇಜ್ ಮಾಡ್ಬೇಕು, ಅಂದ್ರೆ ಗಂಟು ಕಟ್ಬೇಕು, ಜೊತೆಗೆ ಒಂದು ಪಟ್ಟಿ ಬರೀಬೇಕು. 'ನಾನು ಕೆಲಸ ಮಾಡ್ಬೇಕಂದ್ರೆ ಬೇರೆ ಇಂತಿಂಥ ಸಾಫ್ಟ್‌ವೇರ್‌ಗಳು ನನ್ನ ಜೊತೆ ಇರ್ಬೇಕು' ಅಂತ. ಅಡುಗೆಯವನನ್ನ ಕಳಿಸೋವಾಗ 'ಒಲೆ ಬೇಕು, ಪಾತ್ರೆ ಬೇಕು' ಅಂತ ಚೀಟಿ ಕೊಟ್ಟು ಕಳಿಸಿದ ಹಾಗೆ. ಇಂಗ್ಲಿಷಲ್ಲಿ ಡಿಪೆಂಡೆನ್ಸಿ, ಕನ್ನಡದಲ್ಲಿ ಅವಲಂಬನೆ. ಈ ಪದ ಕೇಳಿ ಅಮ್ಮ ಬಿದ್ದು ಬಿದ್ದು ನಕ್ಕಿದ್ಲು. "ಆಫೀಸ್ ಫಾರಮ್ಮಲ್ಲಿ ಅವಲಂಬಿತರು ಯಾರೂ ಇಲ್ಲ ಅಂತ ಬರ್ಕೊಟ್ಟೋನು ನೀನು, ಮದುವೆ ಬೇಡ ಅಂದೋನು. ನಿನಗ್ಯಾಕೋ ಈ ಪಟ್ಟಿ?"

"ಅದು ನನ್ನ ನಂಬಿರೋರ ಪಟ್ಟಿ ಕಣಕ್ಕ. ಇದು ನಾನು ಯಾರನ್ನ ನಂಬಿದೀನಿ ಅನ್ನೋದು."

"ಹಾಗಾದ್ರೆ ನನ್ನ ಹೆಸರು ಬರಿ. ನಿನಗೆ ಮೂರು ಹೊತ್ತೂ ಅಡುಗೆ ಮಾಡಿ ಹಾಕೋಳು ನಾನೇ ತಾನೆ?"

ಈಗ ಟೀಚರ್ ವಿಷಯ ಹೇಳ್ತೀನಿ. ರಿಟೈರ್ ಆದ ಟೀಚರ್ ಒಬ್ಬರು ಹತ್ತೊಂಬತ್ತು ವರ್ಷದಿಂದ ಅಲ್ಲಿ ಬಂದು ಓದ್ತಿದ್ರು. ಒಂದು ದಿನ ತಪ್ಪಿಸಿದೋರಲ್ಲ. ಆದ್ರೆ ತಮ್ಮ ರೆಕಾರ್ಡಿಂಗ್ ಒಂದನ್ನೂ ಕೇಳಿರಲಿಲ್ಲ! "ಕೇಳಿದ್ರೆ ಬರೀ ತಪ್ಪೇ ಕಾಣುತ್ತೆ ಕಣಪ್ಪ, ಆಮೇಲೆ ನಾಲಿಗೆ ತೊದಲುತ್ತೆ. ಓದೋದು ನಿಲ್ಲಿಸಿದ ದಿನ ಕೂತ್ಕೊಂಡು ಎಲ್ಲಾ ಕೇಳ್ತೀನಿ" ಅಂತಿದ್ರು. ಆಮೇಲೆ ಅವರ ಕಿವಿನೇ ಹೋಗೋಕೆ ಶುರುವಾಯ್ತು. ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿಗೆ ಡಾಕ್ಟರು ಒಂದು ತಿಂಗಳು, ಹೆಚ್ಚಂದ್ರೆ ಎರಡು ಅಂದಿದ್ರು. ಟೀಚರ್ ಓದೋದು ನಿಲ್ಲಿಸಿ ಮಗಳ ಮನೆಗೆ ಹೊರಟ್ರು. ಹೋಗೋ ಮುಂಚೆ ಮಾವನ ಹತ್ರ ಒಂದೇ ಕೇಳಿದ್ದು: "ನನ್ನ ಮೊದಲನೇ ಪುಸ್ತಕ ಹಾಕ್ಕೊಡು. ಕಿವಿ ಇರೋಷ್ಟರಲ್ಲಿ ಒಂದ್ಸಲ ನನ್ನ ದನಿ ಕೇಳ್ಬೇಕು."

ಹಳೇ ರೆಕಾರ್ಡಿಂಗ್‌ಗಳೆಲ್ಲ ಮಾತಿಗೆ ಅಂತಲೇ ಇರೋ ಒಂದು ಹಳೇ ಫಾರ್ಮ್ಯಾಟ್‌ನಲ್ಲಿದ್ವು, ಅವರ ಫೋನಲ್ಲಿ ಓಡಲ್ಲ. ಅದಕ್ಕೇನಂತೆ, ಟೀಚರ ಅಳಿಯ ಸ್ಕೂಲ್ ಮೇಷ್ಟ್ರು, ಅವರ ಕಂಪ್ಯೂಟರಲ್ಲಿ ಲಿನಕ್ಸೇ ಇತ್ತು! ಮಾವನಿಗೆ ಎಷ್ಟು ಖುಷಿ ಅಂದ್ರೆ, ಪೆನ್‌ಡ್ರೈವ್‌ಗೆ ಪ್ಲೇಯರು, ಪುಸ್ತಕ ಎರಡೂ ಹಾಕಿ, ಕಿವಿ ಪೂರ್ತಿ ಮುಚ್ಚೋ ದೊಡ್ಡ ಹೆಡ್‌ಫೋನ್ ಬೇರೆ ಹುಡುಕಿ ತಂದ್ರು.

"ಮಾವ, ನನ್ನ ಲ್ಯಾಪ್‌ಟಾಪಲ್ಲಿ ಹೊಸದಾಗಿ ಲಿನಕ್ಸ್ ಹಾಕಿದೀನಿ, ಒಂದ್ಸಲ ಇದ್ರಲ್ಲಿ ಹಾಕಿ ನೋಡೋಣ್ವಾ?" ಅಂದೆ ನಾನು.

"ಲೈಬ್ರರಿಯ ಹನ್ನೆರಡು ಮಷೀನಲ್ಲಿ ಓಡ್ತಿದೆ ಕಣೇ. ನಿನ್ನ ಡಬ್ಬಾ ಬಂದು ಪಾಸ್ ಮಾಡ್ಬೇಕಾ ಇದನ್ನ?"

ನಾನೂ ನಕ್ಕು ಸುಮ್ಮನಾದೆ. ಒಂದ್ಸಲ ಹಠ ಮಾಡಿದ್ರೆ ಆಗ್ತಿತ್ತು.

ಆ ಹನ್ನೆರಡೂ ಮಷೀನು ಮಾವನ ಕಂಪ್ಯೂಟರಿಂದಲೇ ಕಾಪಿ ಮಾಡಿದ್ದು. ಹಳೇ ಫಾರ್ಮ್ಯಾಟ್‌ನ ಬಿಡಿಸಿ ಸದ್ದು ಮಾಡೋ ಒಂದು ಚಿಕ್ಕ ಸಾಫ್ಟ್‌ವೇರ್‌ನ ಮಾವ ಹನ್ನೊಂದು ವರ್ಷದ ಹಿಂದೆ ಅದಕ್ಕೆ ಕೈಯಾರೆ ಹಾಕಿದ್ರು. ಹಾಕಿ ಮರೆತೇಬಿಟ್ಟಿದ್ರು. ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ, ಹಾಗಾಗಿ ಅಳಿಯನ ಕಂಪ್ಯೂಟರಿಗೆ ಅದು ಹೋಗ್ಲೇ ಇಲ್ಲ. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಹಾಗೆ.

ಮಗಳ ಮನೇಲಿ ಟೀಚರ್ ಹೆಡ್‌ಫೋನ್ ಹಾಕ್ಕೊಂಡು ಸ್ಪೇಸ್ ಒತ್ತಿದ್ರು. ಪ್ಲೇಯರ್ ತೆರೀತು, ಅಧ್ಯಾಯದ ಹೆಸರು ಬಂತು, ಸೆಕೆಂಡು ಓಡಿತು. ಸದ್ದು ಇಲ್ಲ. ಏನೋ ಸಿಗಲಿಲ್ಲ ಅಂತ ಪ್ಲೇಯರ್ ಹೇಳ್ಲೂ ಇಲ್ಲ, ಬಾಯಿ ಮುಚ್ಚಿಸಿದ್ರಲ್ಲ. ಟೀಚರ್ ಏನಂದ್ಕೊಂಡ್ರು ಗೊತ್ತಾ? ಕಿವಿ ಹೋಯ್ತು ಅಂತ. ಕಂಪ್ಯೂಟರ್ ಆಫ್ ಮಾಡಿ, ಹೆಡ್‌ಫೋನ್ ಮಡಿಸಿ ಬೀರುವಿನಲ್ಲಿಟ್ರು. ಯಾರಿಗೂ ಹೇಳ್ಲಿಲ್ಲ.

ಮೂರು ವಾರ ಆದ್ಮೇಲೆ ಒಂದು ಭಾನುವಾರ ಅಳಿಯ, ಅತ್ತೆ ಹೇಗೆ ಓದಿದಾರೋ ನೋಡೋಣ ಅಂತ ಸುಮ್ನೆ ಹಾಕಿದ್ರಂತೆ. ಮಾವನಿಗೆ ಫೋನ್ ಬಂತು. "ಸರ್, ಇದ್ರಲ್ಲಿ ಸೌಂಡೇ ಬರ್ತಿಲ್ವಲ್ಲ?"

ಮಾವ ಫೋನಲ್ಲೇ ಒಂದೊಂದೇ ಕೇಳಿದ್ರು, ಆ ಚಿಕ್ಕ ಸಾಫ್ಟ್‌ವೇರ್ ಹಾಕಿಸಿದ್ರು. ಐದು ನಿಮಿಷದ ಕೆಲಸ. ಅಳಿಯನಿಗೆ ಸ್ಪಷ್ಟವಾಗಿ ಕೇಳಿಸ್ತು. ಟೀಚರಿಗೆ ಕೇಳಿಸ್ಲಿಲ್ಲ. ಅಷ್ಟರಲ್ಲಿ ಎಡಗಿವಿ ನಿಜವಾಗ್ಲೂ ಹೋಗಿತ್ತು. ಮೂರು ವಾರದ ಹಿಂದೆ ತಾವು ಹಾಕಿ ನೋಡಿದ್ದನ್ನ ಅವರು ಮನೆಯವರಿಗೆ ಹೇಳಿದ್ದು ಆವಾಗ್ಲೇ.

ಮಾರನೇ ದಿನಾನೇ ಹೊರಟ್ವಿ, ನಾನೂ ಮಾವನೂ. ಬಸ್ಸಲ್ಲಿ ನಾಲ್ಕು ಗಂಟೆ ಮಾವ ಪೆನ್ಸಿಲ್ ಕಚ್ಚೋದು, ಬರೆಯೋದು, ಹರಿಯೋದು. ಕೊನೆಗೆ ಒಂದು ಹಾಳೆ ಉಳೀತು. ಟೀಚರ್ ಕೈಗೆ ಕೊಟ್ಟು ತಲೆ ತಗ್ಗಿಸಿ ನಿಂತ್ರು. ಟೀಚರಿಗೆ ಮನಸ್ಸಲ್ಲೇ ಓದಿ ಅಭ್ಯಾಸಾನೇ ಇಲ್ಲ. ಜೋರಾಗಿ, ಅಲ್ಪವಿರಾಮಕ್ಕೆ ನಿಲ್ಲಿಸಿ, ಅದೇ ರೆಕಾರ್ಡಿಂಗ್ ರೂಮಿನ ದನಿಯಲ್ಲಿ ಓದಿದ್ರು:

"ಆ ದಿನ ನಿಮ್ಮ ಕಿವಿ ಚೆನ್ನಾಗೇ ಇತ್ತು. ತಪ್ಪು ಪೂರ್ತಿ ನಂದು. ಒಂದು ಸಾಲು ಬರೆಯೋದು ಮರೆತೆ."

ಓದಿ ಮುಗಿಸಿ ಹಾಳೆ ತಿರುಗಿಸಿ ನೋಡಿದ್ರು, ಹಿಂದೆ ಏನಾದ್ರೂ ಇದೆಯಾ ಅಂತ.

"ಪುಸ್ತಕ ಹಾಳಾಗ್ಲಿ ಬಿಡಪ್ಪ" ಅಂದ್ರು. "ಕಿವಿ ಹೋಯ್ತು ಅಂದ್ಕೊಂಡ್ಮೇಲೆ ನಾನು ಕೇಳೋ ಪ್ರಯತ್ನಾನೇ ಬಿಟ್ಬಿಟ್ಟೆ. ಮೊಮ್ಮಗಳು ಕಿವಿ ಹತ್ರ ಬಂದು ಏನೇನೋ ಹೇಳ್ತಿದ್ಲು. ಸುಮ್ನೆ ತಲೆ ಆಡಿಸಿ ಕಳಿಸ್ತಿದ್ದೆ. ಮೂರು ವಾರ! ಕೇಳಿಸ್ತಿತ್ತೇನೋ."

ಮಾವ ಏನೋ ಹೇಳೋಕೆ ಹೋದ್ರು. ಹೇಳಿದ್ರೂ ಕೇಳೋರು ಯಾರು? ಟೀಚರೇ ಪೆನ್ನು ಕೊಟ್ರು. "ಸರಿ, ನೀನಾದ್ರೂ ಹೇಳು. ಹತ್ತೊಂಬತ್ತು ವರ್ಷ ಕೇಳಿದೋನು ನೀನೊಬ್ಬನೇ. ಹೇಗಿದೆ ನನ್ನ ದನಿ?"

ಮಾವ ತುಂಬಾ ಹೊತ್ತು ಯೋಚಿಸಿ 'ಸ್ಪಷ್ಟವಾಗಿದೆ' ಅಂತ ಬರೆದ್ರು. "ಒಳ್ಳೇ ಸರ್ಟಿಫಿಕೇಟ್ ಥರ ಬರ್ದಿದೀಯಲ್ಲೋ!" ಅಂತ ಟೀಚರ್ ನಕ್ಕುಬಿಟ್ರು. ಮಗಳು ಕಾಫಿ ತಂದ್ರು, ಕುಡಿದು ಎದ್ವಿ.

ವಾಪಸ್ ಬರೋವಾಗ ಬಸ್ಸು ಅರ್ಧ ದಾರಿ ಬಂದಿತ್ತು. ಮಾವ ಕಿಟಕಿ ಕಡೆ ನೋಡ್ತಾನೇ ಅಂದ್ರು: "ದುಃಖದ ಜಾಗ ಬಂದಾಗ ಟೀಚರ್ ಒಂದು ಕ್ಷಣ ನಿಲ್ಲಿಸಿ ಎಂಜಲು ನುಂಗೋರು, ಪುಟ್ಟಿ. ಆ ಸದ್ದು ಮೈಕಲ್ಲಿ ಬರೋದು. ಅದನ್ನೆಲ್ಲ ನಾನು ಕೂತು ಕತ್ತರಿಸಿ ತೆಗೀತಿದ್ದೆ, ಕ್ಲೀನ್ ಇರ್ಲಿ ಅಂತ. ಹೇಗಿದೆ ದನಿ ಅಂತ ಕೇಳಿದಾಗ ಅದನ್ನ ಬರೀಬೇಕಿತ್ತು."